ಪಾಯಸದ ಬಕೆಟ್ಟೂ ಅಡಿಕೆ ಚೀಲವೂ

ಅರವತ್ತು ದಾಟಿದ ಮೇಲೆ ತೋಳಿನ ಬಲ ಹೇಳದೆ ಕೇಳದೆ ಹೊರಟುಬಿಡುತ್ತದೆ. ಸಾಗರದ ಹತ್ತಿರದ ಮಹಾಗಣಪತಿ ಭಟ್ಟರಿಗೆ ಇದು ಗೊತ್ತಾದದ್ದು ಊಟದ ಪಂಕ್ತಿಯಲ್ಲಿ. ನಲವತ್ತು ವರ್ಷದಿಂದ ನೆಂಟರ ಮನೆಯ ಯಾವ ಕಾರ್ಯವಿದ್ದರೂ ಪಾಯಸದ ಬಕೆಟ್ಟು ಅವರದೇ. ಹೋದ ವರ್ಷ ಒಂದು ಉಪನಯನದಲ್ಲಿ ಕೈ ನಡುಗಿತು, ಪಾಯಸವೆಲ್ಲ ಷಡ್ಡಕ ವಿಘ್ನೇಶ್ವರನ ರೇಷ್ಮೆ ಶಾಲಿನ ಮೇಲೆ! ಅಂದಿನಿಂದ ಭಟ್ಟರ ಕೈಗೆ ಉಪ್ಪಿನ ಬಟ್ಟಲು ಬಂತು. ಪಾಪ, ಆ ಅವಮಾನ ಅವರಿಗೆ ನುಂಗಲಾಗಲಿಲ್ಲ.

ಈಗ ವೈಶಾಖಕ್ಕೆ ತೀರ್ಥಹಳ್ಳಿಯಲ್ಲಿ ವಿಘ್ನೇಶ್ವರನ ಮಗಳು ಸಿಂಚನಾಳ ಮದುವೆ.

“ಈ ಸಲ ಪಾಯಸ ಆನೇ ಬಡಿಸ್ತಿ,” ಎಂದು ತಮ್ಮ ಎದೆ ಮುಟ್ಟಿ ತೋರಿಸಿದರು ಭಟ್ಟರು.

“ಉಪ್ಪೇ ಸಾಕು. ಚೆಲ್ಲಿದ್ರೂ ಶಾಲು ಹಾಳಾಗ್ತಿಲ್ಲೆ,” ಎಂದಳು ಹೆಂಡತಿ ವನಮಾಲಾ.

ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಯ ಬಿಂದುಶ್ರೀ ಭಟ್ಟರ ತೋಳು, ಭುಜ ಎಲ್ಲ ನೋಡಿದಳು.

“ಭಾರ ಎತ್ತೋ ವ್ಯಾಯಾಮ ಮಾಡಿ ಭಟ್ರೇ. ವಾರಕ್ಕೆ ಮೂರು ದಿನ ಸಾಕು. ಆದ್ರೆ ಪ್ರತಿ ಸಲ ತಾರೀಕು, ಎಷ್ಟು ಕೆಜಿ, ಎಷ್ಟು ಸಲ ಎತ್ತಿದ್ರಿ, ಮೂರೂ ಬರೀರಿ.”

“ತೋಟದಲ್ಲಿ ದುಡಿಯೋ ಮೈಗೆ ಪುಸ್ತಕ ಬೇರೆ ಬೇಕಾ ತಂಗಿ?”

“ನೆನಪು ಯಾವಾಗ್ಲೂ ನಮ್ಮ ಪರವಾಗೇ ಸಾಕ್ಷಿ ಹೇಳ್ತದೆ ಭಟ್ರೇ. ಅದ್ಕೇ ಬರೀಬೇಕು.”

ಭಟ್ಟರು ಐದು ಕೆಜಿ ಹಸಿ ಅಡಿಕೆ ತೂಗಿ ಬಲೆಚೀಲಕ್ಕೆ ತುಂಬಿ ಅಂಗಳದ ಕಂಬಕ್ಕೆ ನೇತುಹಾಕಿದರು. ಹತ್ತು ಸಲ ಎತ್ತಿದರು. ಗೋಡೆಯ ಕ್ಯಾಲೆಂಡರಿನಲ್ಲಿ ‘ಹತ್ತು’ ಎಂದು ಬರೆದರು, ಅಷ್ಟೇ. ಚೀಲ ಅದೇ ಇರುವಾಗ ತೂಕ ಬರೆಯುವುದೇನು ಎಂಬ ಜಾಣತನ!

ವಾರ ಕಳೆಯಿತು, ಹದಿನಾಲ್ಕು. ಆಮೇಲೆ ಇಪ್ಪತ್ತು. ಶಿವರಾತ್ರಿಯ ಹೊತ್ತಿಗೆ ಮೂವತ್ತೈದು! ಭಟ್ಟರು ಬಿಗಿ ಬನಿಯನ್ನು ತೊಟ್ಟು ಕುಸ್ತಿ ಗೆದ್ದವರ ಹಾಗೆ ಓಡಾಡತೊಡಗಿದರು. ಬಕೆಟ್ಟೇನು, ಕೊಪ್ಪರಿಗೆಯನ್ನೇ ಎತ್ತುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದರು.

ಒಂದು ದಿನ ಬಿಂದುಶ್ರೀ ಮನೆಗೆ ಬಂದವಳು ಕ್ಯಾಲೆಂಡರ್ ನೋಡಿ ಹುಬ್ಬೇರಿಸಿದಳು.

“ಐದು ವಾರಕ್ಕೆ ಹತ್ತರಿಂದ ಮೂವತ್ತೈದಾ? ತಕ್ಕಡಿ ತನ್ನಿ ನೋಡಣ.”

ಚೀಲ ತೂಗಿದರೆ ಎರಡೂಮುಕ್ಕಾಲು ಕೆಜಿ.

ವನಮಾಲಾ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. “ಹಸಿ ಅಡಿಕೆ ಬಿಸಿಲಿಗೆ ಬಿದ್ರೆ ತೂಕ ಇಳೀತು ಹೇಳಿ ಊರಿಗೆಲ್ಲ ಪಾಠ ಹೇಳಿದವರು ಯಾರು? ಶಕ್ತಿ ಬೆಳದ್ದಿಲ್ಲೆ, ಅಡಿಕೆ ಒಣಗಿದ್ದು!”

ಭಟ್ಟರ ಮುಖ ಸಪ್ಪಗಾಯಿತು. ಕ್ಯಾಲೆಂಡರನ್ನು ಕಿತ್ತೆಸೆಯಲು ಹೊರಟರು. ಬಿಂದುಶ್ರೀ ತಡೆದು, ಹತ್ತು ಲೀಟರಿನ ಕ್ಯಾನಿಗೆ ಐದು ಲೀಟರ್ ನೀರು ಹಾಕಿಸಿದಳು.

“ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಮುಚ್ಚಳ ಭದ್ರ ಇದ್ರೆ ಇದು ಒಣಗಲ್ಲ. ಎತ್ತಿ.”

ಭಟ್ಟರು ಏದುಸಿರು ಬಿಡುತ್ತಾ ಎತ್ತಿದರು. ಹನ್ನೊಂದಕ್ಕೆ ನಿಂತಿತು.

“ಥೋ! ಮೂವತ್ತೈದೆಲ್ಲಿ, ಹನ್ನೊಂದೆಲ್ಲಿ!”

“ಮೊದಲು ಹತ್ತಿತ್ತು, ಈಗ ಹನ್ನೊಂದು. ಆ ಒಂದು ನಿಜವಾದದ್ದು ಭಟ್ರೇ. ಅದನ್ನ ಬರೀರಿ.”

ಬರೆದರು. ಈ ಸಲ ಪುಸ್ತಕ ಬಂತು, ತಾರೀಕು, ತೂಕ, ಎಷ್ಟು ಸಲ ಎಂದು ಗೆರೆ ಎಳೆದು ಮೂರು ಮನೆ ಮಾಡಿದ್ದಾಯಿತು. ಹನ್ನೆರಡು ಸಲ ಆರಾಮವಾಗಿ ಎತ್ತಲು ಬಂದ ಮೇಲಷ್ಟೇ ಅರ್ಧ ಲೀಟರ್ ಹೆಚ್ಚು. ನಡುವೆ ಜ್ವರ ಬಂದು ಒಂದು ವಾರ ಲೆಕ್ಕ ಇಳಿಯಿತು. ಬೇಸರವಾದರೂ ಅದನ್ನೂ ಬರೆದರು. ಮದುವೆಯ ವಾರದ ಕೊನೆಯ ಸಾಲು: ಏಳು ಕೆಜಿ, ಹತ್ತು ಸಲ.

ಮದುವೆಯಲ್ಲಿ ವಿಘ್ನೇಶ್ವರ ಉಪ್ಪಿನ ಬಟ್ಟಲು ಚಾಚಿದ. ಭಟ್ಟರು ಅದನ್ನು ವನಮಾಲಾಳ ಕೈಗಿತ್ತು ನೇರ ಅಡಿಗೆಯವರ ಬಳಿ ನಡೆದರು. ಹಳೆಯ ಭಟ್ಟರಾಗಿದ್ದರೆ ಬಕೆಟ್ಟು ತುಳುಕುವಷ್ಟು ತುಂಬಿಸಿಕೊಳ್ಳುತ್ತಿದ್ದರು.

“ಪೂರ್ತಿ ತುಂಬಡ. ಬಕೆಟ್ಟೂ ಸೇರಿ ಏಳು ಕೆಜಿ ಮಾಡು. ಪುಸ್ತಕದಲ್ಲಿ ಅಷ್ಟೇ ಇದ್ದು.”

ಪಂಕ್ತಿಯ ಕೊನೆಗೆ ಕುಳಿತಿದ್ದ ವಿಘ್ನೇಶ್ವರ ಬಕೆಟ್ಟು ಬರುವುದನ್ನು ಕಂಡವನೇ ಶಾಲು ಮಡಿಸಿ ತೊಡೆಯಡಿಗೆ ತುರುಕಿಕೊಂಡ. ಭಟ್ಟರು ಬಗ್ಗಿ ಬಡಿಸಿದರು. ಕೈ ನಡುಗಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ. ಎರಡನೇ ಸುತ್ತಿಗೆ ಅವರು ಬರುವಷ್ಟರಲ್ಲಿ ಶಾಲು ಮತ್ತೆ ಹೆಗಲೇರಿತ್ತು.

“ಭಾವ, ಇನ್ನೊಂದು ಸೌಟು ಹಾಕು,” ಎಂದ ವಿಘ್ನೇಶ್ವರ.

ಭಟ್ಟರ ಕಣ್ಣು ತುಂಬಿ ಬಂತು. ಎರಡು ಸೌಟು ಹಾಕಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತೋಳಿಗೂ ಮೊದಲಿನ ಬಲ ಬೇಕಲ್ಲವೇ? ವೈದ್ಯರನ್ನು ಕೇಳಿ ಇವತ್ತೇ ಶುರುಮಾಡಿ. ತಾರೀಕು, ತೂಕ, ಎಷ್ಟು ಸಲ, ಮೂರನ್ನೂ ಬರೆದಿಡಿ. ಹೆಚ್ಚಿದ್ದು ಒಂದೇ ಆದರೂ ಬರೆಯಿರಿ. ಮತ್ತೆ ದಮ್ಮಯ್ಯ, ಹಸಿ ಅಡಿಕೆ ಮಾತ್ರ ಎತ್ತಬೇಡಿ!