ಮೂರು ಸಲ ಉಬ್ಬಿದ ನೀರು

ನಾನು ಸಮುದ್ರದ ಎತ್ತರ ಅಳೆಯುವ ಉಪಗ್ರಹ. ಹುಟ್ಟಿದ್ದು ದೂಳಿಲ್ಲದ ಕೋಣೆಯಲ್ಲಿ, ಬಿಳಿ ಅಂಗಿಯವರ ಕೈಯಲ್ಲಿ. ಅವರ ಪ್ರೀತಿ ವಿಚಿತ್ರ. ಕಬ್ಬಿಣದ ಮೇಜಿಗೆ ಬಿಗಿದು ತಿರುಪುಗಳು ಕಿರುಚುವವರೆಗೆ ಕುಲುಕಿದರು, ಬೇಯಿಸಿದರು, ಹೆಪ್ಪುಗಟ್ಟಿಸಿದರು. "ಒಡೆಯೋದಾದ್ರೆ ಇಲ್ಲೇ ಒಡೀಲಿ. ಮೇಲೆ ಹೋಗಿ ಯಾರು ರಿಪೇರಿ ಮಾಡ್ತಾರೆ?" ಎಂದಳು ತಿರುಪು ಬಿಗಿಯುವವಳು. ಒಡೆಯಲಿಲ್ಲ. ಆಮೇಲೆ ಬೆಂಕಿಯ ಮೇಲೆ ಕೂರಿಸಿ ಆಕಾಶಕ್ಕೆ ಎಸೆದರು.

ಕೆಳಗೆ ರೇಡಾರ್ ಅಲೆ ಹೊಡೆಯುವುದು, ಅದು ನೀರಿಗೆ ಬಡಿದು ಮರಳಲು ಹಿಡಿದ ಹೊತ್ತು ಎಣಿಸುವುದು, ಇಷ್ಟೇ ನನ್ನ ಕೆಲಸ. ಸಮುದ್ರ ಮಟ್ಟಸವಾಗಿಲ್ಲ. ತಳದಲ್ಲಿ ಬೆಟ್ಟವಿದ್ದರೆ ಅದರ ಗುರುತ್ವ ಸುತ್ತಲಿನ ನೀರನ್ನು ತನ್ನತ್ತ ಎಳೆಯುತ್ತದೆ. ಮೇಲೆ ನೀರು ಒಂದೆರಡು ಮೀಟರ್ ಉಬ್ಬಿ ನಿಲ್ಲುತ್ತದೆ. ಹಡಗಿನವರಿಗೆ ಅದು ಕಾಣದು. ನನಗೆ ಕಾಣುತ್ತದೆ.

ನನ್ನ ಅಂಕಿಗಳು ಮಂಗಳೂರಿನ ಒಂದು ಪ್ರಯೋಗಾಲಯಕ್ಕೆ ಇಳಿಯುತ್ತಿದ್ದವು. ಜೊತೆಗೆ ನನ್ನ ಒಂದು ಕಿವಿಯೂ ಇಳಿದು ಅಲ್ಲಿನ ಮಾತು ಕೇಳುತ್ತಿತ್ತು. ಅಲ್ಲಿ ಗುರುತ್ವದ ನಕ್ಷೆ ಬರೆಯುತ್ತಿದ್ದವಳು ಶರ್ವಾಣಿ, ಅವಳ ಮೇಲಿನವರು ಕಕ್ಕಿಲ್ಲಾಯರು. ಬಿರುಗಾಳಿಯ ದಿನದ ಅಳತೆ ಅಳಿಸಿ, ಅಕ್ಕಪಕ್ಕದ ಅಂಕಿಗಳಿಂದ ತೂತು ಮುಚ್ಚುವುದು ಅಲ್ಲಿನ ಪದ್ಧತಿ.

ಅರಬ್ಬಿ ಸಮುದ್ರದ ಒಂದು ಜಾಗದ ಮೇಲೆ ನಾನು ಮೂರು ಸಲ ಹಾದೆ. ಮೂರು ಸಲವೂ ಗಾಳಿ ನೀರನ್ನು ಚಚ್ಚುತ್ತಿತ್ತು.

"ಸರ್, ಮೂರು ಸಲವೂ ಒಂದೇ ಕಡೆ ಉಬ್ಬಿದೆ."

"ಮೂರು ಸಲವೂ ಗಾಳಿ ಇತ್ತಲ್ಲ ಮಾರಾಯ್ತಿ. ಅಲೆಗೆಲ್ಲ ಬೆಟ್ಟ ಅಂತ ಹೆಸರಿಟ್ಟರೆ ಹಡಗಿನವರು ಊರಲ್ಲೇ ಕೂರಬೇಕಷ್ಟೆ. ತೆಗಿ ಅದನ್ನು."

ಅಲೆ ಓಡುತ್ತದೆ, ಇದು ನಿಂತಿದೆ. ಆ ಮಾತು ಅವಳ ಗಂಟಲಲ್ಲೇ ಉಳಿಯಿತು. ಅಳಿಸಿದಳು. ನಕ್ಷೆ ನುಣುಪಾಯಿತು.

ಆ ನಕ್ಷೆ ನಂಬಿ ಒಂದು ಸಂಶೋಧನಾ ಹಡಗು ಉಕ್ಕಿನ ಹಗ್ಗದ ತುದಿಗೆ ಕ್ಯಾಮೆರಾ ಕಟ್ಟಿ, ಸಾವಿರ ಮೀಟರ್ ಆಳದಲ್ಲಿ ಎಳೆಯುತ್ತಾ ಅಲ್ಲಿಗೆ ಹೋಯಿತು. ಕ್ಯಾಮೆರಾ ಬೆಟ್ಟದ ತಲೆಗೆ ಗುದ್ದಿ ಸಿಕ್ಕಿಕೊಂಡಿತು. ಹಗ್ಗ ಬಿಗಿದು, ನರಳಿ, ತುಂಡಾಯಿತು. ತುಂಡು ಚಾಟಿಯಂತೆ ಹಿಂದಕ್ಕೆ ಬಂದು ಹಡಗಿನ ಕಂಬಿ ಮುರಿಯಿತು, ಹಗ್ಗ ಸುತ್ತುವ ಯಂತ್ರದ ಬಳಿ ನಿಂತಿದ್ದ ಗಣಪು ಹರಿಕಂತ್ರನ ಬಲಗಾಲನ್ನು ಮೊಣಕಾಲಿಂದ ಕತ್ತರಿಸಿತು. ಹಡಗಿನ ಸಂದೇಶ ಪ್ರಯೋಗಾಲಯಕ್ಕೆ ಬಂದಾಗ ನನ್ನ ಕಿವಿಗೂ ಬಿತ್ತು: 'ನಕ್ಷೆಯಲ್ಲಿಲ್ಲದ ಬೆಟ್ಟ. ರಕ್ತ ನಿಲ್ಲುತ್ತಿಲ್ಲ.'

ಹರಿಕಂತ್ರ ಬದುಕಿದ. ಐದು ತಿಂಗಳ ಮೇಲೆ ಊರುಗೋಲು ಹಿಡಿದು ಪ್ರಯೋಗಾಲಯಕ್ಕೆ ಬಂದ.

"ಅಲ್ಲಿ ಗುಡ್ಡ ಇತ್ತು ಅಂತ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು," ಎಂದಳು ಶರ್ವಾಣಿ.

"ಹೇಳೂಕೆ ಏನಾಗಿತ್ತು?"

"ಬಾಯಿ ಬರಲಿಲ್ಲ."

"ನಂದು ಕಾಲು ಹೋಯ್ತು, ನಿಮ್ಮದು ಬಾಯಿ ಹೋಗಿತ್ತು ಅನ್ನಿ." ಅವನು ಕುಳಿತ. "ಬರೂ ತಿಂಗ್ಳು ಅದೇ ಹಡಗಲ್ಲಿ ನನ್ನ ತಮ್ಮ ಹೋಗ್ತ. ಬರೀರಿ ಅದನ್ನ."

ಅವನೆದುರೇ ಅವಳು ಮೂರೂ ಅಳತೆಗಳನ್ನು ನಕ್ಷೆಗೆ ಹಾಕಿದಳು. ನುಣುಪು ನೀಲಿಯ ನಡುವೆ ಕೆಂಪು ಗುಳ್ಳೆಯೊಂದು ಎದ್ದಿತು.

"ಯಾರನ್ನು ಕೇಳಿ ಹಾಕಿದಿ?" ಎಂದರು ಒಳಗೆ ಬಂದ ಕಕ್ಕಿಲ್ಲಾಯರು.

"ಕಾಲು ಹೋದವರನ್ನು."

ಅವರು ಹರಿಕಂತ್ರನತ್ತ ನೋಡಿದರು. ಗುಳ್ಳೆಯನ್ನು ತೆಗೆಸದೆ ತಮ್ಮ ಕೋಣೆಗೆ ಹೋದರು.

ಈಗ ನನಗೆ ವಯಸ್ಸಾಗಿದೆ. ಇಂಧನ ಮುಗಿಯುತ್ತಿದೆ, ನನ್ನನ್ನು ಕೆಳಗೆ ತಳ್ಳಿದ್ದಾರೆ. ಗಾಳಿ ನನ್ನ ರೆಕ್ಕೆ ಕಿತ್ತಿದೆ, ಹೊಟ್ಟೆ ಸೀಳುತ್ತಿದೆ, ಮೈಯೆಲ್ಲ ಉರಿ. ನಾನು ಬೀಳಲು ಜನರಿಲ್ಲದ ಸಮುದ್ರವನ್ನೇ ಆರಿಸಿದ್ದಾರೆ. ಅಲ್ಲಿ ಒಂದು ದೋಣಿಯೂ ಇಲ್ಲ ತಾನೇ ಎಂದು, ಆ ಜಾಗ ಗೊತ್ತುಮಾಡಿದ ಸಭೆಯಲ್ಲಿ ಶರ್ವಾಣಿ ಎದ್ದು ನಿಂತು ಕೇಳಿದಳು. ಕೂರು ಎಂದರಂತೆ. ಉತ್ತರ ಸಿಗುವವರೆಗೆ ಅವಳು ಕೂರಲಿಲ್ಲ.