ಎರಡು ನಿಮಿಷ

"ಬಲಕ್ಕ ತೆಗ್ಗು ಐತ್ರಿ ಸರ, ಸ್ವಲ್ಪ ಎಡಕ್ಕ ಬರ್ರಿ," ಎಂದು ಅಬ್ದುಲಮಜೀದ ತೋಳು ಹಿಡಿದು ಎಳೆದ. ಏಕನಾಥ ಮಾಸ್ತರರು ಎಡಕ್ಕೆ ಸರಿದರು. ಕಣ್ಣಿಗೆ ಧೋತರದ ತುಂಡು ಬಿಗಿದುಕೊಂಡು ಬೆಳಿಗ್ಗೆಯೇ ದೇವಿಕೊಪ್ಪ ಬಿಟ್ಟಿದ್ದರು. ಕಲಘಟಗಿ ಪೇಟೆ ಮುಟ್ಟುವ ತನಕ ಬಿಚ್ಚುವುದಿಲ್ಲವೆಂಬ ಹಟ. ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ಪಳಗಿಸಿ ಕೊಡುವ ಸಂಸ್ಥೆಗಾಗಿ ಹಣ ಕೂಡಿಸುವ ನಡಿಗೆ ಇದು. ತೊಟ್ಟಿಲಿಗೆ ಬಣ್ಣ ಹಚ್ಚುವ ಮಜೀದ ಅವರ ಹಳೆಯ ವಿದ್ಯಾರ್ಥಿ. ಬಣ್ಣದ ಡಬ್ಬಿಯೊಂದನ್ನು ತೊಳೆದು, ಮುಚ್ಚಳ ಸೀಳಿ, ಕೊರಳಿಗೆ ಕಟ್ಟಿಕೊಂಡಿದ್ದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಊರವರು ಆಡಿಕೊಂಡರು. ಆಡಿಕೊಳ್ಳದೆ ಏನು ಮಾಡಿಯಾರು! ಬೀದಿನಾಯಿ ಕಟ್ಟೆ ಹತ್ತಿದರೆ ಕೊಡ ನೀರು ಸುರಿದು ತೊಳೆಯುತ್ತಿದ್ದ ಮನುಷ್ಯ. ಹೋದ ವರ್ಷ ಅದೇ ಸಂಸ್ಥೆಯವರು ಮನೆಗೇ ಬಂದು, ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡಿದ್ದ ಅವರ ಹೆಂಡತಿ ವೃಂದಾಬಾಯಿಗೆ ಪುಕ್ಕಟೆ ನಾಯಿ ಕೊಡುತ್ತೇವೆ ಎಂದಿದ್ದರು.

"ದೇವರ ಮನಿ ಇದ್ದಲ್ಲಿ ನಾಯಿ? ಮಡಿ-ಮೈಲಿಗಿ ಅನ್ನೂದು ಅದನೋ ಇಲ್ಲೋ?" ಮಾಸ್ತರರು ಗುಡುಗಿದ್ದರು.

"ಪಡಸಾಲಿ ದಾಟಿ ಬರಂಗಿಲ್ರಿ ಅದು," ಎಂದಿದ್ದಳು ವೃಂದಾಬಾಯಿ. ಆಗಲೇ ಹಳೆಯ ಕೌದಿಯೊಂದನ್ನು ಮಡಚಿ ಪಡಸಾಲೆಯ ಮೂಲೆಯಲ್ಲಿ ಹಾಸಿಟ್ಟಿದ್ದಳು.

"ನಾ ಇಲ್ಲೇನು? ಎಲ್ಲೆ ಬೇಕು ಅಲ್ಲೆ ಕೈ ಹಿಡದು ಕರಕೊಂಡು ಹೋಗ್ತೀನಿ."

ಕರೆದುಕೊಂಡು ಹೋಗುತ್ತಲೂ ಇದ್ದರು, ಸುಳ್ಳಲ್ಲ. ಒಂದು ಸಂಜೆ ಕಲಘಟಗಿಯಲ್ಲಿ ಬಸ್ಸಿಳಿದಾಗ ಹಳೆಯ ಸಹೋದ್ಯೋಗಿಯೊಬ್ಬ ಕರೆದ. "ಎರಡು ನಿಮಿಷ ನಿಂದ್ರು, ಬಂದೆ," ಎಂದು ಹೆಂಡತಿಯ ಕೈ ಬಿಟ್ಟು ಹೋದರು. ಅವರು ತಿರುಗಿ ನೋಡುವಷ್ಟರಲ್ಲಿ ಅವಳು ರಸ್ತೆಯ ನಡುವೆ, ಕಬ್ಬಿನ ಲಾರಿಯ ಮುಂದೆ ಬಿದ್ದಿದ್ದಳು. ಅವಳು ಹೋದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅವರು ಹೇಳಿದ್ದು ಒಂದೇ: "ಎರಡು ನಿಮಿಷ ನಿಂದ್ರಲಿಲ್ಲ ನೋಡ್ರಿ ಆಕಿ."

ಪೇಟೆ ಹತ್ತಿರವಾದಂತೆ ಹಾರ್ನುಗಳ ಸದ್ದು ಹೆಚ್ಚಿತು. ರಸ್ತೆಯ ಆಚೆಯಿಂದ ಕಾಯಿಪಲ್ಲೆ ಮಾರುವ ರೇವವ್ವ ಕೂಗಿದಳು, "ಏ ಮಜೀದಾ, ಡಬ್ಬಿ ತಾರೋ ಇಲ್ಲಿ!"

"ಎರಡ ನಿಮಿಷ ನಿಂದರ್ರಿ ಸರ, ಬಂದ್ನಿ," ಎಂದು ಮಜೀದ ತೋಳು ಬಿಟ್ಟ.

ಬಿಟ್ಟದ್ದೇ ತಡ, ನೆಲವೇ ದೂರ ಸರಿದಂತಾಯಿತು. ಮೋಟಾರೊಂದು ಎದುರಿನಿಂದ ಬರುತ್ತಿದೆಯೋ, ಹಿಂದಿನಿಂದಲೋ? ತಾವು ನಿಂತದ್ದು ರಸ್ತೆಯ ಅಂಚಿನಲ್ಲೋ, ನಡುವಿನಲ್ಲೋ? ಮಾಸ್ತರರು ಕೈ ಚಾಚಿದರು. ಏನೂ ಸಿಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟರು. ಇನ್ನೊಂದು.

"ಸರ! ಎಲ್ಲಿಗ್ರಿ?" ಮಜೀದ ಓಡಿ ಬಂದು ಹಿಡಿದುಕೊಂಡ.

"ಎಷ್ಟೊತ್ತು ಮಾಡಿದ್ಯೋ ಮಜೀದ..."

"ಒಂದ ನಿಮಿಷನೂ ಆಗಿಲ್ರಿ ಸರ."

ಅವತ್ತು ತಾವು ಸಹೋದ್ಯೋಗಿಯ ಜೊತೆ ಕೂತು ಒಂದು ಕಪ್ ಚಹಾ ಪೂರಾ ಕುಡಿದದ್ದನ್ನು ಮಾಸ್ತರರು ಯಾರಿಗೂ ಹೇಳಿರಲಿಲ್ಲ.

ಕಣ್ಣಿನ ಬಟ್ಟೆ ಒದ್ದೆಯಾದದ್ದನ್ನು ನೋಡಿ ಮಜೀದ ಮೆಲ್ಲಗೆ ಕೇಳಿದ, "ಬಿಚ್ಚಲೇನ್ರಿ? ಪ್ಯಾಟಿ ಬಂತು."

"ಬ್ಯಾಡ. ಇರಲಿ."

ಮಜೀದ ಅವರ ಬಲಗೈ ಹಿಡಿದು ನಡೆಸಿದ. ಎಡಗೈ ಮಾತ್ರ ಹಾಗೇ, ಬೆರಳು ಬಿಡಿಸಿಕೊಂಡು, ಗಾಳಿಯಲ್ಲಿ ಚಾಚಿಕೊಂಡೇ ಇತ್ತು.