ಹಾಲಪ್ಪ ಪಾದ್ರಿಯ ಸೋಮವಾರ

ಹಾಲಪ್ಪ ಪಾದ್ರಿಯ ದಣಿವು ಎಂಥದ್ದಿತ್ತೆಂದರೆ, ಅದನ್ನು ಹತ್ತಿಯ ಹಾಗೆ ಮೂಟೆ ಕಟ್ಟಿ ಹುಬ್ಬಳ್ಳಿ ಪೇಟೆಗೆ ಕಳಿಸಿದ್ದರೆ ಆ ವರ್ಷ ಹತ್ತಿಯ ದರ ಮಕಾಡೆ ಬೀಳುತ್ತಿತ್ತು. ಅವನು ಒಮ್ಮೆ ಉಸ್ಸೆಂದು ಉಸಿರು ಬಿಟ್ಟರೆ ಯರಗುಪ್ಪಿಯಿಂದ ಕುಂದಗೋಳದವರೆಗೆ ಮೆಣಸಿನ ಗಿಡಗಳು ತಲೆದೂಗುತ್ತಿದ್ದವು. ನಂಬದವರು ಆ ಗಿಡಗಳನ್ನೇ ಕೇಳಲಿ.

ಅವನ ಅಸಲು ಹೆಸರು ಹಾಲ್ವರ್. ನಾರ್ವೆ ಎಂಬ ದೇಶದವನು. ಅಲ್ಲಿ ಚಳಿಗಾಲದಲ್ಲಿ ಸೂರ್ಯನೇ ರಜೆ ಹಾಕಿ ಮಲಗುತ್ತಾನಂತೆ; ಆದರೆ ಸೂರ್ಯನಿಗೆ ಸಿಕ್ಕ ರಜೆ ಈ ಹುಡುಗನಿಗೆ ಸಿಗಲಿಲ್ಲ. ಇಪ್ಪತ್ತನಾಲ್ಕರ ಪ್ರಾಯ, ಹಾಲಿನಂಥ ಮೈಬಣ್ಣ, ತೊಲೆಗೆ ತಲೆ ಬಡಿಯುವ ಎತ್ತರ. ಸಾವಿರದ ಒಂಬೈನೂರಾ ಎಪ್ಪತ್ತೆರಡರ ಬೇಸಗೆಯಲ್ಲಿ ಒಂದು ಟ್ರಂಕು, ಒಂದು ಸೈಕಲ್ಲು, ಅಚ್ಚಿನ ಪುಸ್ತಕದಿಂದ ಕಲಿತ ಕನ್ನಡ ಹೊತ್ತು ಯರಗುಪ್ಪಿಗೆ ಬಂದಿಳಿದಾಗ ಜನ ಅವನ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಹಾಲಪ್ಪ ಎಂದು ಸರಿಮಾಡಿಕೊಂಡರು. ರೈತ ಕುಬೇರಪ್ಪ ತನ್ನ ದನ ಕಟ್ಟುವ ಹಕ್ಕೆಯ ಬಾಜುಕಿನ ಕಾಳಿನ ಕೋಣೆಯನ್ನು ಖಾಲಿ ಮಾಡಿ ಕೊಟ್ಟ. ಶುರುವಾಯಿತು ದೇವರ ಸೇವೆ.

ಮೊದಲ ಶತ್ರು ಮಣ್ಣು. ಯರಗುಪ್ಪಿಯ ಎರೆಮಣ್ಣು ಮಳೆಗಾಲದಲ್ಲಿ ಸೈಕಲ್ಲಿನ ಗಾಲಿ ಹಿಡಿಯಿತೆಂದರೆ ಇಂಗ್ಲಿಷರು ಹಿಂದೂಸ್ತಾನ ಹಿಡಿದಂತೆ. ಸತ್ಯಾಗ್ರಹ ಮಾಡದೆ ಬಿಡುವುದಿಲ್ಲ. ಊರಿಂದೂರಿಗೆ ಹಾಲಪ್ಪ ಸೈಕಲ್ಲಿನ ಮೇಲೆ ಹೋದದ್ದಕ್ಕಿಂತ ಸೈಕಲ್ಲು ಹಾಲಪ್ಪನ ಮೇಲೆ ಹೋದದ್ದೇ ಹೆಚ್ಚು.

ಎರಡನೆಯದು ಶತ್ರುವಲ್ಲ, ಪ್ರೀತಿ. ಅದೇ ಹೆಚ್ಚು ದಣಿಸಿತು. ಹೊಲವಿಲ್ಲ, ಹೆಂಡತಿಯಿಲ್ಲ, ಎತ್ತಿಲ್ಲ. ಅಂದಮೇಲೆ ಈ ಮನುಷ್ಯ ಅಗದಿ ಖಾಲಿ ಇದ್ದಾನೆಂದು ಊರು ತೀರ್ಮಾನಿಸಿತ್ತು. ಕಾಲಿಗೆ ಮುಳ್ಳು ನೆಟ್ಟವರು, ಕಣ್ಣು ಬಂದವರು, ಅತ್ತೆಯ ಮೇಲೆ ದೂರುಳ್ಳವರು, ಸೊಸೆಯ ಮೇಲೆ ದೂರುಳ್ಳವರು, ಎಲ್ಲರೂ ಅವನ ಬಾಗಿಲಿಗೇ. ಮಂಜಪ್ಪನೆಂಬ ರೇಡಿಯೋ ಹುಚ್ಚನಂತೂ ನಸುಕಿಗೇ ತನ್ನ ಟ್ರಾನ್ಸಿಸ್ಟರ್ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ.

"ಪಾದ್ರಿ ಸಾಹೇಬ್ರ, ಇದು ಕರ್ ಕರ್ ಅಂತೈತ್ರಿ. ನಿಮ್ಮ ದೇಶದ್ದು ಮಷಿನ್ ಅಲ್ರಿ? ನಿಮ್ಮ ಮಾತು ಕೇಳತೈತಿ."

ಹಾಲಪ್ಪ ಒಬ್ಬನೇ ಕಣ್ಣುಮುಚ್ಚಿ ಪ್ರಾರ್ಥನೆಗೆ ಕುಳಿತರೆ ಕಿಟಕಿಯಲ್ಲಿ ಒಂದು ಮುಖ ಮೂಡುತ್ತಿತ್ತು. "ಯಾಕ್ರಿ, ಒಬ್ರ ಕುಂತೀರಿ? ಬ್ಯಾಸರಾ ಆಗಾಂಗಿಲ್ಲೇನು? ತಡೀರಿ, ಬಂದ್ವಿ." ಒಂಟಿಯಾಗಿ ಕುಳಿತವನನ್ನು ಹಾಗೇ ಬಿಟ್ಟು ಹೋಗುವಷ್ಟು ಕಟುಕರು ಯರಗುಪ್ಪಿಯಲ್ಲಿ ಹುಟ್ಟಿರಲಿಲ್ಲ.

ಇನ್ನು ಉಪದೇಶ. ಅದನ್ನು ವಿರೋಧಿಸಿ ಒಂದು ಕಲ್ಲಾದರೂ ಎಸೆದಿದ್ದರೆ ಹಾಲಪ್ಪನಿಗೆ ಹುರುಪು ಬರುತ್ತಿತ್ತು. ಭಾನುವಾರ ಬೇವಿನ ಗಿಡದ ಕೆಳಗೆ ಅವನು ಏನು ಹೇಳಿದರೂ ಬಂದ ನಾಲ್ಕಾರು ಮಂದಿ "ಹೌದ್ರಿ, ಖರೇ ಐತ್ರಿ" ಎಂದು ತಲೆಯಾಡಿಸಿ, ಎಲೆ ಅಡಿಕೆ ಹಾಕಿಕೊಂಡು ತಮ್ಮ ತಮ್ಮ ದೇವರ ಕಡೆಗೆ ಹೋಗುತ್ತಿದ್ದರು. ಸುಳ್ಳು ಹೇಳಬಾರದು ಎಂಬ ಪಾಠವನ್ನಂತೂ ಅವನು ಎಷ್ಟು ಸಲ ಹೇಳಿದ್ದನೆಂದರೆ ಕುಬೇರಪ್ಪನ ಎಮ್ಮೆಗಳಿಗೂ ಅದು ಬಾಯಿಪಾಠವಾಗಿತ್ತು.

ಸೋಮವಾರ ಬಂದರೆ ಅವನಿಗೆ ಒಂದು ಕೆಟ್ಟ ಅಸೂಯೆ ಹುಟ್ಟುತ್ತಿತ್ತು. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಕುಬೇರಪ್ಪನ ಜೋಡೆತ್ತುಗಳು ಹಕ್ಕೆಯಲ್ಲಿ ಕಾಲು ಮಡಚಿ, ಅರೆಗಣ್ಣು ಮುಚ್ಚಿ, ಜಗತ್ತಿನ ಚಿಂತೆಯನ್ನೆಲ್ಲ ಮೆಲುಕು ಹಾಕಿ ನುಂಗುತ್ತಿದ್ದವು. ಸೈಕಲ್ಲು ಹೊತ್ತು ಹೊರಟ ಹಾಲಪ್ಪ ಬಾಗಿಲಲ್ಲಿ ನಿಂತು ಅವುಗಳನ್ನು ನೋಡುವಾಗ, ದೇವರು ಕ್ಷಮಿಸಲಿ, ತಾನು ಎತ್ತಾಗಿ ಹುಟ್ಟಬಾರದಿತ್ತೇ ಎಂದುಕೊಳ್ಳುತ್ತಿದ್ದ.

ಎಪ್ಪತ್ತನಾಲ್ಕರ ಶ್ರಾವಣದ ಒಂದು ಶುಕ್ರವಾರ, ಸೊಂಟದವರೆಗೆ ಕೆಸರು ಮೆತ್ತಿಕೊಂಡು ಮನೆಗೆ ಬಂದಾಗ ಅವನೊಳಗಿನ ಯಾವುದೋ ಹಗ್ಗ ಕಡಿಯಿತು. ಸಾಕು. ಊರಿಗೆ ಹೋಗಿಬಿಡಬೇಕು. ಶನಿವಾರವಿಡೀ ಮಲಗಿ, ಭಾನುವಾರ ಮೊದಲ ಬಸ್ಸಿಗೆ ಯಾರಿಗೂ ಹೇಳದೆ ಹುಬ್ಬಳ್ಳಿ. ಅಲ್ಲಿಂದ ಮುಂಬಯಿ, ಅಲ್ಲಿಂದ ಮನೆ. ಆದರೆ ಓಡಿಬಂದವನೆಂಬ ಹೆಸರು ಹೊತ್ತು ಅವ್ವನ ಮುಂದೆ ನಿಲ್ಲುವುದು ಹೇಗೆ? ಬಂದರಿನಲ್ಲಿ ಅವಳು ಕೈಬೀಸಿ, "ಹಿಡಿದ ಕೆಲಸ ಮುಗಿಸಿ ಬಾ" ಎಂದಿದ್ದಳು. ಗೋಡೆಯ ಮೇಲಿನ ಅವಳ ಫೋಟೋವನ್ನು ಟ್ರಂಕಿಗೆ ಹಾಕಲೆಂದು ಇಳಿಸಿದ. ಹಾಕಲು ಕೈ ಬರಲಿಲ್ಲ. ತಲೆದಿಂಬಿನ ಪಕ್ಕ ಇಟ್ಟುಕೊಂಡು, ಅಗುಳಿ ಹಾಕಿ, ಇಡೀ ಶನಿವಾರ ಯಾರೇ ಕರೆದರೂ ಓಗೊಡುವುದಿಲ್ಲವೆಂದು ಶಪಥ ಮಾಡಿ ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಬೆಳಿಗ್ಗೆ ಮಂಜಪ್ಪ ಬಂದು ಕರೆದ. ಉತ್ತರವಿಲ್ಲ. ಕಣ್ಣಿಗೆ ಔಷಧಿ ಬೇಕಾದವರು ಕರೆದರು. ಉತ್ತರವಿಲ್ಲ. ಹಿತ್ತಲಾಚೆಯ ಮನೆಯ ಖಾತುನಬಿ, ಪಾದ್ರಿಯ ಒಲೆಯಿಂದ ಹೊಗೆ ಎದ್ದಿಲ್ಲವೆಂದು ಗಮನಿಸಿದಳು. ಕುಬೇರಪ್ಪನ ತಾಯಿ ಶಿವಗಂಗವ್ವ, ಊರಿಗೆಲ್ಲ ಹಿರಿಯಳು, ಕೋಲೂರಿಕೊಂಡು ಬಂದು ಕಿಟಕಿಯಲ್ಲಿ ಇಣುಕಿದಳು. ಒಲೆ ತಣ್ಣಗಿದೆ. ಟ್ರಂಕು ಕಟ್ಟಿದೆ. ಗೋಡೆಯ ಮೇಲಿನ ತಾಯಿಯ ಫೋಟೋ ತಲೆದಿಂಬಿನ ಬಳಿ ಇದೆ. ಇತ್ತ ಹೊರಳಿದ ಹುಡುಗನ ಕಣ್ಣು ಕೆಂಪು ಕೆಂಡ.

"ತಮ್ಮಾ, ನಿಮ್ಮವ್ವಗ ಏನರ ಆತೇನೋ?"

ಹಾಲಪ್ಪ ಶಪಥದಂತೆ ತುಟಿ ಬಿಚ್ಚಲಿಲ್ಲ. ಮುಗಿಯಿತು. ಇಷ್ಟು ಗುರುತು ಸಿಕ್ಕಮೇಲೆ ಯರಗುಪ್ಪಿಗೆ ಸಾವಿನ ಸುದ್ದಿ ತರಲು ಬೇರೆ ಯಾರೂ ಬೇಕಿರಲಿಲ್ಲ.

ಅಗುಳಿ ತೆಗೆಯುವವರಿಲ್ಲದೆ ಕುಬೇರಪ್ಪ, ತನ್ನದೇ ಬಾಗಿಲಲ್ಲವೇ, ಕದವನ್ನು ಕೀಲಿನಿಂದಲೇ ಎತ್ತಿ ಪಕ್ಕಕ್ಕಿಟ್ಟ. ಹೆಂಗಸರು ನೆರೆ ಬಂದಂತೆ ಒಳನುಗ್ಗಿದರು. ಶಿವಗಂಗವ್ವ ಹಾಲಪ್ಪನ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ರಾಗ ತೆಗೆದಳು.

"ಯವ್ವಾ ನನ್ನ ತಂಗೀ, ನಿನ್ನ ಮಾರೀ ಸೈತ ನೋಡಲಿಲ್ಲಲ್ಲೇ! ಬಿಳೀ ಮಗನ್ನ ಕರೀ ಮಣ್ಣಾಗ ಬಿಟ್ಟು ಹೆಂಗ ಹ್ವಾದ್ಯವ್ವಾ! ಇವಗ ಎಣ್ಣಿ ಹಚ್ಚಿ ಎರಿಯಾಕ ಯಾರದಾರಬೇ ಇಲ್ಲಿ!"

ಆ ಅಳು ಎಂಥದ್ದೆಂದರೆ ಕುಂದಗೋಳದ ಸ್ಟೇಶನ್ನಿನಲ್ಲಿ ನಿಂತಿದ್ದ ಗಾಡಿ ಸೀಟಿ ಹಾಕಲು ನಾಚಿ, ಸುಮ್ಮನೆ ಹೊರಟುಹೋಯಿತು. ಹಾಲಪ್ಪ ಗಾಬರಿಯಿಂದ ಬಾಯಿ ತೆರೆದ. ಹೇಳಬೇಕೆಂದಿದ್ದ. ತೆರೆದ ಬಾಯಿಗೆ ಖಾತುನಬಿ ರೊಟ್ಟಿ ಪಲ್ಯದ ತುತ್ತು ಇಟ್ಟಳು. "ಖಾವ್ ಬೇಟಾ. ಸಾವಿನ ಮನ್ಯಾಗ ಒಲಿ ಹಚ್ಚಬಾರದು. ನಮ್ಮ ಮನೀಂದ ಬರತೈತಿ, ಉಣ್ಣು." ಅದನ್ನು ನುಂಗುವಷ್ಟರಲ್ಲಿ ಇನ್ನೊಂದು ತುತ್ತು. ಆಮೇಲೆ ಮಜ್ಜಿಗೆ.

ಆಮೇಲೆ ನಡೆದದ್ದು ಎರಡು ವರ್ಷದಲ್ಲಿ ನಡೆಯದ ಪವಾಡ. ಯಾರೂ ಅವನಿಗೆ ಕೆಲಸ ಹೇಳಲಿಲ್ಲ. ದುಃಖದಲ್ಲಿರುವವನಿಗೆ ಕೆಲಸ ಹೇಳುವುದುಂಟೇ? ಮಂಜಪ್ಪ ಟ್ರಾನ್ಸಿಸ್ಟರನ್ನು ಟವೆಲಿನಲ್ಲಿ ಮುಚ್ಚಿಕೊಂಡು ದೂರದಿಂದಲೇ ಕೈಮುಗಿದು ಹೋದ. ಹೆಂಗಸರು ದನಿ ತಗ್ಗಿಸಿದರು. ಶಿವಗಂಗವ್ವನ ಒರಟು ಬೆರಳುಗಳು ಅವನ ಕೂದಲಿನಲ್ಲಿ ಆಡುತ್ತಿದ್ದವು. ಈಗ ಹೇಳುತ್ತೇನೆ, ಈ ಗಳಿಗೆ ಕಳೆಯಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹಾಲಪ್ಪ ನಿದ್ದೆಗೆ ಜಾರಿದ. ಕುಂಭಕರ್ಣ ಬಂದು ಅದನ್ನು ನೋಡಿದ್ದರೆ ಶಿಷ್ಯನಾಗಿ ಸೇರಿಕೊಳ್ಳುತ್ತಿದ್ದ, ಅಂಥ ನಿದ್ದೆ.

ಎಚ್ಚರವಾದಾಗ ಸಂಜೆಯ ಬಿಸಿಲು ಹೊಸ್ತಿಲಲ್ಲಿತ್ತು. ಕುಬೇರಪ್ಪ ಎದುರಿಗೆ ಕುಳಿತು ಮೀಸೆ ತಿರುವುತ್ತಿದ್ದ.

"ಸಾಹೇಬ್ರ, ನೀವು ಊರಿಗಿ ಹೋಗಿಬಿಡ್ರಿ. ಮುಪ್ಪಿನ ಕಾಲಕ್ಕ ತಂದಿ ಒಬ್ಬಾಂವ ಆಗ್ಯಾನ. ನಾವು ತಡಿಯಾಂಗಿಲ್ಲ. ನಾಳೆ ನಿಮ್ಮ ಐತವಾರದ ಪ್ರಾರ್ಥನಿ, ನಾಡದ ಸೋಮಾರ, ಎತ್ತು ಹೂಡಾಂಗಿಲ್ಲ. ಮಂಗಳಾರ ನಸಕಿನ್ಯಾಗ ನಾನ ಚಕ್ಕಡಿ ಕಟ್ಟಿ ಹುಬ್ಬಳ್ಳಿಗಿ ಬಿಟ್ಟು ಬರತೀನಿ. ವಾಪಸ್ ಬಂದ್ರ ಖುಷಿ. ಬರಲಿಲ್ಲಂದ್ರೂ ಯಾರೂ ತಪ್ಪು ಅನ್ನಾಂಗಿಲ್ಲ."

ಹಾಲಪ್ಪ ಎದ್ದು ಕುಳಿತ. ಓಡಿಹೋಗಬೇಕಾಗಿಲ್ಲ. ಊರೇ ಚಕ್ಕಡಿ ಕಟ್ಟಿ, ಬುತ್ತಿ ಕಟ್ಟಿ, ಕಣ್ಣೊರೆಸಿಕೊಂಡು ಕಳಿಸಿಕೊಡುತ್ತದೆ. ಹುಬ್ಬಳ್ಳಿಯ ದೊಡ್ಡ ಪಾದ್ರಿಗಳೂ ಒಂದು ಮಾತು ಕೇಳರು. ಅವನು ಮಾಡಬೇಕಾದದ್ದು ಇಷ್ಟೇ: ಸುಮ್ಮನಿರುವುದು. ಈವರೆಗೆ ಒಂದು ಸುಳ್ಳನ್ನೂ ಅವನು ಆಡಿರಲಿಲ್ಲ. ಸುಳ್ಳನ್ನೆಲ್ಲ ಊರೇ ಆಡಿ, ಊರೇ ಅತ್ತು, ಊರೇ ರೊಟ್ಟಿ ಬಡಿದಿತ್ತು.

ಫೋಟೋದಲ್ಲಿ ಅವ್ವ ನಗುತ್ತಿದ್ದಳು. ಅವನು ಅದನ್ನು ಬೋರಲು ಹಾಕಿದ.

ಭಾನುವಾರ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಎರಡು ವರ್ಷ ಗಂಟಲು ಹರಿದುಕೊಂಡರೂ ಬಾರದ ಜನ ಅಂದು ಬಂದಿದ್ದರು. ದೂರದ ದೇವಿಕೊಪ್ಪದಿಂದಲೂ ಬಂದಿದ್ದರು ಎನ್ನುತ್ತಾರೆ. ಇನ್ನೆರಡು ಗಳಿಗೆ ತಡೆದಿದ್ದರೆ ಗೋವೆಯಿಂದಲೂ ಬರುತ್ತಿದ್ದರು. ತಲೆಯ ಮೇಲೆ ಸೆರಗು, ಕೈಯಲ್ಲಿ ರೊಟ್ಟಿಯ ಗಂಟು. ತಾಯಿ ಸತ್ತ ಹುಡುಗ ಇವತ್ತು ಏನು ಹೇಳುತ್ತಾನೋ ಕೇಳೋಣವೆಂದು ಎಲ್ಲರೂ ಕಿವಿಯಾಗಿ ಕುಳಿತಿದ್ದರು.

ಹಾಲಪ್ಪ ಎದ್ದು ನಿಂತ. ಇಂಥದೊಂದು ಸಭೆಗಾಗಿಯೇ ಅವನು ಸಮುದ್ರ ದಾಟಿ ಬಂದಿದ್ದ. ಖಾತುನಬಿಯ ಹುಂಜ ಹಿತ್ತಲ ಗೋಡೆ ಹತ್ತಿ, ಹೊತ್ತು ಮೂಡಿ ಎಷ್ಟೋ ಹೊತ್ತಾದ ಮೇಲೆ, ಬೇಕೆಂದೇ ಒಮ್ಮೆ ಕೂಗಿತು. ಹುಂಜ ಕೂಗುವ ಮುಂಚೆ ತನ್ನ ಗುರುವನ್ನೇ ಅರಿಯೆನೆಂದು ಸುಳ್ಳು ಹೇಳಿದ ಶಿಷ್ಯನ ಬೈಬಲ್ ಕಥೆ ಹೇಳಿ ಹೇಳಿ ಅವನಿಗೇ ಬೇಸರ ಬಂದಿತ್ತು. 

"ನನ್ನ ತಾಯಿ ಸತ್ತಿಲ್ಲ" ಎಂದ. "ಅವರು ಆರೋಗ್ಯವಾಗಿದ್ದಾರೆ. ನೀವು ಅತ್ತಾಗ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ."

ಮೊದಲು ಬಾಯಿ ಬಂದದ್ದು ಖಾತುನಬಿಗೆ.

"ಯಾ ಅಲ್ಲಾ! ಹಂಗಾರ ನನ್ನ ರೊಟ್ಟಿ?"

"ರೊಟ್ಟಿ ಹಾಳಾಗ್ಲಿ," ಎಂದು ಒಬ್ಬ ಮುದುಕಿ ಕುಳಿತಲ್ಲಿಂದಲೇ ಗದರಿದಳು, "ಅತ್ತೂ ಅತ್ತೂ ನನ್ನ ಗಂಟಲಾ ಬಿದ್ದೈತಿ. ನಮ್ಮ ಮಾಂವ ಸತ್ತಾಗ ಸೈತ ಇಷ್ಟು ಅತ್ತಿದ್ದಿಲ್ಲ ನಾನು!"

ನಗು ಎದ್ದಿತು, ಬೈಗುಳ ಎದ್ದವು. ಕುಬೇರಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಸುಮ್ಮನ ಕುಂಡರ್ರಿ. ಬದುಕಿದ್ದವರ ಸಾವಿನ ಸುದ್ದಿ ಹಬ್ಬಿದ್ರ ಅವರ ಆಯುಷ್ಯ ಗಟ್ಟಿ ಆಗತೈತಿ. ನಾವು ಅತ್ತದ್ದು ನೋಡಿದ್ರ ಆ ತಾಯಿಗಿ ಇನ್ನ ನೂರು ವರ್ಷ ಎಮನೂ ಮುಟ್ಟಾಂಗಿಲ್ಲ. ಸಾಹೇಬ್ರ, ಮನೀಗಿ ತಿಳಸ್ರಿ, ಯರಗುಪ್ಪಿಯವರು ಕೊಟ್ಟ ಆಯುಷ್ಯ ಅಂತ."

ಶಿವಗಂಗವ್ವ ಮಾತ್ರ ನಗಲಿಲ್ಲ. ಕೋಲೂರಿ ಮುಂದೆ ಬಂದು ಹಾಲಪ್ಪನ ಗದ್ದ ಹಿಡಿದೆತ್ತಿದಳು.

"ಮತ್ತ ಯಾಕ ಬಿದ್ದಿದ್ದಿ ಹಂಗ, ಹೆಣದಂಗ?"

"ನಾನು ದಣಿದಿದ್ದೇನೆ ಅಮ್ಮಾ" ಎಂದ ಹಾಲಪ್ಪ. "ಬಹಳ ದಣಿದಿದ್ದೇನೆ. ಓಡಿಹೋಗಬೇಕೆಂದಿದ್ದೆ." ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣಿಂದ ನೀರು ಇಳಿಯಿತು. ಎರಡು ವರ್ಷದ ಉಪದೇಶದಲ್ಲಿ ಇಡೀ ಯರಗುಪ್ಪಿಗೆ ಕಡೆಯ ಅಕ್ಷರದವರೆಗೂ ತಿಳಿದ ಮಾತು ಅದೊಂದೇ. ಈ ಸಲ "ಹೌದ್ರಿ, ಖರೇ ಐತ್ರಿ" ಎಂದು ಯಾರೂ ಅನ್ನಲಿಲ್ಲ.

"ದಣಿವಾಗಿದ್ರ ದಣಿವಾಗೇತಿ ಅಂತ ಬಾಯಿ ಬಿಟ್ಟು ಹೇಳಬೇಕೋ, ಮಳ್ಳಾ!" ಎಂದಳು ಶಿವಗಂಗವ್ವ. "ಏಳನೇ ದಿನ ದೇವರೂ ಕೆಲಸಾ ಬಿಟ್ಟು ಕುಂತಾ ಅಂತ ನಮಗ ಹೇಳತಿ. ನೀ ದೇವರಕಿಂತ ದೊಡ್ಡಾಂವೇನು? ಸೋಮಾರ ನಾವು ಎತ್ತಿಗೂ ನೊಗ ಇಡಾಂಗಿಲ್ಲ. ನಿನಗ ಯಾವ ಕಟುಕ ಇಟ್ಟಾನ?" ಜನರತ್ತ ತಿರುಗಿ ಕೋಲು ಎತ್ತಿದಳು. "ಕೇಳ್ರಿಲ್ಲೆ! ಸೋಮಾರ ಇವನ ಬಾಗಿಲಾ ಬಡಿದವರ ಕೈಗಿ ಈ ಕೋಲು. ಲೇ ಮಂಜ್ಯಾ, ಕೇಳಿಸ್ತೇನು?"

"ಕೇಳಿಸ್ತಬೇ ಯವ್ವಾ" ಎಂದು ಮಂಜಪ್ಪ ಟ್ರಾನ್ಸಿಸ್ಟರನ್ನು ಬೆನ್ನ ಹಿಂದೆ ಮರೆಮಾಡಿದ.

ಮರುದಿನ, ಸೋಮವಾರ, ಹಾಲಪ್ಪ ಎದ್ದಾಗ ಕದ ಮತ್ತೆ ಕೀಲಿನಲ್ಲಿತ್ತು. ತೆರೆದು ನೋಡಿದ. ಹೊಸ್ತಿಲಿಗೆ ಅಡ್ಡಲಾಗಿ ಕುಬೇರಪ್ಪ ಎತ್ತಿನ ನೊಗವನ್ನು ಮಲಗಿಸಿ ಹೋಗಿದ್ದ. ದಾರಿಯಲ್ಲಿ ಹೋಗುವವರು ನೊಗ ನೋಡಿ ದನಿ ತಗ್ಗಿಸಿ ನಡೆಯುತ್ತಿದ್ದರು. ಹಕ್ಕೆಯಲ್ಲಿ ಜೋಡೆತ್ತುಗಳು ಮೆಲುಕಾಡುತ್ತಿದ್ದವು. ಹಾಲಪ್ಪ ಕಂಬಳಿ ಎಳೆದುಕೊಂಡು ಹೋಗಿ ಅವುಗಳ ಪಕ್ಕದ ಕಟ್ಟೆಯ ಮೇಲೆ ಮಲಗಿದ. ಒಂದು ಎತ್ತು ಕಣ್ಣು ತೆರೆದು ಅವನನ್ನು ನೋಡಿ, ನಮ್ಮವನೇ ಎಂಬಂತೆ ಮತ್ತೆ ಕಣ್ಣು ಮುಚ್ಚಿತು. ಮಳೆ ಬಂತು, ನಿಂತಿತು, ಬಂತು. ಪ್ರಾರ್ಥನೆ ಮಾಡಬೇಕೆಂದುಕೊಂಡ, ಅದರ ನಡುವೆಯೇ ನಿದ್ದೆ ಹತ್ತಿತು.

ಮಂಗಳವಾರ ನಸುಕಿಗೆ ನೊಗ ಹೊಸ್ತಿಲಿಂದೆದ್ದು ಎತ್ತುಗಳ ಹೆಗಲೇರಿತು. ಕುಬೇರಪ್ಪ ಚಕ್ಕಡಿ ಕಟ್ಟಿ ನಿಂತಿದ್ದ. "ಮಂಗಳಾರ ಅಂದಿದ್ನಲ್ರಿ ಸಾಹೇಬ್ರ. ಹೋಗೂದೋ, ಇರೂದೋ?"

ಹಾಲಪ್ಪ ಒಳಗೆ ನೋಡಿದ. ಆಗಲೇ ಟ್ರಂಕಿನ ಮೇಲೆ ಮಂಜಪ್ಪ ಟ್ರಾನ್ಸಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ; ಅವನ ಬೆನ್ನಿಗೆ ಕಣ್ಣಿನ ಔಷಧಿಗೆ ಬಂದವಳು ಕುಳಿತಿದ್ದಳು. "ಇವರು ಏಳಲಿ, ಹೇಳುತ್ತೇನೆ" ಎಂದ ಹಾಲಪ್ಪ.

ಕುಬೇರಪ್ಪ ಮೀಸೆಯಲ್ಲೇ ನಕ್ಕು ಚಕ್ಕಡಿಯನ್ನು ಹೊಲದ ದಾರಿಗೆ ತಿರುಗಿಸಿದ. ಹಾಲಪ್ಪ ಉಸ್ಸೆಂದು ಉಸಿರು ಬಿಟ್ಟು, ಬೋರಲು ಬಿದ್ದಿದ್ದ ಅವ್ವನ ಫೋಟೋವನ್ನು ಮತ್ತೆ ಮೊಳೆಗೆ ನೇತುಹಾಕಿದ. ಟ್ರಂಕಿನ ಸಾಮಾನನ್ನು ಮಾತ್ರ ಹೊರಗೆ ತೆಗೆಯಲಾಗಲಿಲ್ಲ, ಹೊತ್ತುಕೊಂಡು ಹೋಗಲೂ ಆಗಲಿಲ್ಲ. ಸೋಮವಾರ ಬಿಟ್ಟರೆ ಉಳಿದ ದಿನ ಅದರ ಮೇಲೆ ಯಾರಾದರೊಬ್ಬರು ಕುಳಿತೇ ಇರುತ್ತಿದ್ದರು. ಸೋಮವಾರ ಅವನು ಮಲಗಿರುತ್ತಿದ್ದ.